ಮಲೆನಾಡಿನ ಮನೆಯಲ್ಲಿ ಹಳೇ ಪ್ರವಾಸದ ಫೋಟೊ ಉಳಿಸಿಕೊಳ್ಳುವುದು

ಜೋಗದ ಮುಂದೆ ಸಾಲಾಗಿ ನಿಂತ ಮನೆಮಂದಿ, ಶೃಂಗೇರಿಯ ಮೆಟ್ಟಿಲು, ಆಗುಂಬೆ ಸೂರ್ಯಾಸ್ತಕ್ಕೆ ಕಾದು ಕೊನೆಗೆ ಮೋಡವನ್ನೇ ಹಿಡಿದ ಫೋಟೊ. ಇಂಥ ಆಲ್ಬಮ್ ಇಲ್ಲದ ಮನೆ ಶಿವಮೊಗ್ಗ ಸೀಮೆಯಲ್ಲಿ ಕಡಿಮೆ. ಇವನ್ನು ತಿನ್ನುವುದು ವಯಸ್ಸಲ್ಲ, ತೇವ. ಫೋಟೊದ ಮೇಲ್ಪದರ ಜೆಲಟಿನ್, ಅಂದರೆ ಪ್ರಾಣಿಜನ್ಯ ಅಂಟು; ಗಾಳಿಯ ತೇವಾಂಶ ಶೇ. 65 ದಾಟಿ ಹಾಗೇ ನಿಂತರೆ ಬೂಷ್ಟಿಗೆ ಅದೇ ಊಟ. ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೇವ ಅದಕ್ಕಿಂತ ಮೇಲೇ ಇರುತ್ತದೆ.

ಹಾಗಾಗಿ ಆಷಾಢದಲ್ಲಿ ಬಿಡುವಿದೆ ಎಂದು ಆಲ್ಬಮ್ ಬಿಚ್ಚಬೇಡಿ. ಜನವರಿಯಿಂದ ಮಾರ್ಚ್ ಒಳಗೆ, ಇಬ್ಬನಿ ಆರಿದ ಮೇಲೆ, ಹೊತ್ತು ಏರಿದಾಗ ಕೂರಿ. ಬಿಸಿಲಿಗೆ ಹರವುವುದೂ ಬೇಡ. ಹಪ್ಪಳಕ್ಕೆ ಸರಿ, ಕಲರ್ ಫೋಟೊದ ಬಣ್ಣ ಹಾರಿಹೋಗುತ್ತದೆ. ಜಗಲಿಯ ನೆರಳು ಸಾಕು.

ಮೊದಲು ಇದ್ದದ್ದು ಇದ್ದ ಹಾಗೆ ಪ್ರತಿ ಪುಟದ ಒಂದು ಮೊಬೈಲ್ ಫೋಟೊ ತೆಗೆಯಿರಿ. ಕೀಳುವಾಗ ಹರಿದರೂ ಒಂದು ಪ್ರತಿ ಕೈಯಲ್ಲಿರುತ್ತದೆ, ಯಾವ ಫೋಟೊ ಪಕ್ಕ ಯಾವುದಿತ್ತು ಅನ್ನುವುದೂ ಉಳಿಯುತ್ತದೆ.

ಕಷ್ಟ ಕೊಡುವುದು ಅಂಟಿನ ಪುಟದ ಆಲ್ಬಮ್, ಮೇಲೆ ಪ್ಲಾಸ್ಟಿಕ್ ಹಾಳೆ ಇರುವಂಥದ್ದು. ವರ್ಷ ಕಳೆದಂತೆ ಆ ಅಂಟು ಹಳದಿಯಾಗಿ ಗಟ್ಟಿಯಾಗುತ್ತದೆ. ಮೂಲೆ ಹಿಡಿದು ಎಳೆದರೆ ಫೋಟೊ ಸುರುಳಿಕೊಂಡು ಮೇಲ್ಪದರ ಬಿರಿಯುತ್ತದೆ. ಮೇಣ ಹಚ್ಚದ ಡೆಂಟಲ್ ಫ್ಲಾಸ್ ದಾರವನ್ನು ಹಿಂಬದಿಗೆ ತೂರಿಸಿ, ಗರಗಸದಂತೆ ನಿಧಾನ ಎಳೆಯುತ್ತ ಬನ್ನಿ. ಬಾರದಿದ್ದರೆ ಬಿಡಿ, ಆ ಪುಟವನ್ನೇ ಕತ್ತರಿಸಿ ಇಟ್ಟುಕೊಳ್ಳುವುದು ಹರಿದ ಮುಖಕ್ಕಿಂತ ಮೇಲು.

ಒಂದಕ್ಕೊಂದು ಅಂಟಿದ ಸ್ಟುಡಿಯೊ ಪ್ರಿಂಟುಗಳನ್ನು ತಣ್ಣನೆಯ ಶುದ್ಧ ನೀರಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ನೆನೆಸಿದರೆ ಎಷ್ಟೋ ಸಲ ತಾವೇ ಬಿಡುತ್ತವೆ. ಆಮೇಲೆ ಮುಖ ಮೇಲೆ ಮಾಡಿ ಒಣಗಿಸಬೇಕು. ಇದು ಇಂಕ್‌ಜೆಟ್ ಪ್ರಿಂಟಿಗೆ ಬೇಡವೇ ಬೇಡ. ಬೂಷ್ಟು ಹಿಡಿದದ್ದನ್ನೂ ನೀರಿಗೆ ಹಾಕಬಾರದು: ಬೂಷ್ಟು ತಿಂದ ಜೆಲಟಿನ್ ನೀರಲ್ಲಿ ಕರಗುತ್ತದೆ, ಚಿತ್ರವೂ ಅದರ ಜೊತೆ ಹೋಗುತ್ತದೆ. ಅಂಥದ್ದನ್ನು ನೆರಳಲ್ಲಿ ಪೂರ್ತಿ ಒಣಗಿಸಿ, ಮನೆ ಹೊರಗೆ, ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಬ್ರಶ್‌ನಿಂದ ಹಗುರ ಗುಡಿಸಿ. ಹಸಿ ಇದ್ದಾಗಲೇ ಬಟ್ಟೆಯಲ್ಲಿ ಒರೆಸಿದರೆ ಕಲೆ ಒಳಗಿಳಿಯುತ್ತದೆ.

ಸ್ಕ್ಯಾನ್ ಮಾಡುವಾಗ 4×6 ಇಂಚಿನ ಪ್ರಿಂಟಿಗೆ 600 ಡಿಪಿಐ (ಇಂಚಿಗೆ 600 ಚುಕ್ಕೆ) ಸಾಕು. 3600×2400 ಪಿಕ್ಸೆಲ್ ಸಿಗುತ್ತದೆ. 35 ಎಂಎಂ ನೆಗೆಟಿವ್‌ಗೆ 2400ಕ್ಕಿಂತ ಕಡಿಮೆ ಇಡಬೇಡಿ. ನೆಗೆಟಿವ್‌ಗಳನ್ನು ಕಸ ಎಂದು ಎಸೆಯುವವರೇ ಹೆಚ್ಚು. ಪ್ರಿಂಟಿಗಿಂತ ಹೆಚ್ಚು ವಿವರ ಅದರಲ್ಲೇ ಇರುವುದು.

ಬಸ್ ಟಿಕೆಟ್ ಬೇರೆ ಜಾತಿ. ಕಂಡಕ್ಟರ್ ಮೆಷಿನ್ನಿನಿಂದ ಬರುವುದು ಶಾಖಕ್ಕೆ ಕಪ್ಪಾಗುವ ಥರ್ಮಲ್ ಕಾಗದ. ಉಳಿಯಲಿ ಎಂದು ಲ್ಯಾಮಿನೇಶನ್ ಮಾಡಿಸಿದರೆ ಅಂಗಡಿಯಲ್ಲೇ ಇಡೀ ಟಿಕೆಟ್ ಕಪ್ಪಾಗುತ್ತದೆ. ಮಾಡಿಸದಿದ್ದರೂ ಅಕ್ಷರ ಮಾಸುತ್ತದೆ. ಬಂದ ವಾರವೇ ಸ್ಕ್ಯಾನ್ ಮಾಡಿ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಅಲ್ಲಿನ ಹಿನ್ನೀರು ದಾಟಿದ ಹಳೇ ಲಾಂಚ್ ಟಿಕೆಟ್ಟಿಗೂ ಬೆಲೆ ಬಂದಿದೆ, ಇದ್ದರೆ ಎತ್ತಿಡಿ.

ಇಡುವುದಕ್ಕೆ ಅಟ್ಟ ಬೇಡ, ಒಲೆ ಹೊಗೆ ತಾಗುವ ಜಾಗವಂತೂ ಬೇಡವೇ ಬೇಡ. ಬೀರುವನ್ನು ಹೊರಗೋಡೆಗೆ ತಾಗಿಸದೆ ಒಂದು ಗೇಣು ಬಿಡಿ. ರಬ್ಬರ್ ಅಂಚಿನ ಹತ್ತು ಲೀಟರಿನ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಹರಳು ನೂರು ಗ್ರಾಂ ಬಟ್ಟೆ ಚೀಲದಲ್ಲಿ ಕಟ್ಟಿ ಹಾಕಿ. ಹರಳಿನ ಬಣ್ಣ ಬದಲಾದರೆ ಚೀಲದಿಂದ ತೆಗೆದು, ಅಡುಗೆಗೆ ಬಳಸದ ಟ್ರೇಯಲ್ಲಿ ಹರಡಿ, 120 ಡಿಗ್ರಿ ಓವನ್‌ನಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಬಳಸಬಹುದು. ನೀಲಿ ಬಣ್ಣದ್ದರಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದು ತನ್ನಿ. ತೇವದ ಫೋಟೊ ತುಂಬಿ ಮುಚ್ಚಳ ಬಿಗಿದರೆ ಮಾತ್ರ ಡಬ್ಬಿಯೊಳಗೇ ಬೂಷ್ಟು ಬೆಳೆಯುತ್ತದೆ. ಹುಳ ಬಾರದಿರಲಿ ಎಂದು ಹಸಿ ಬೇವಿನ ಸೊಪ್ಪು ಹಾಕುವುದೂ ಬೇಡ, ಅದೂ ತೇವವೇ ತಾನೆ!

ಇನ್ನು ಇಸವಿ. ಫೋಟೊ ಮೂಲೆಯ ಕಿತ್ತಳೆ ತಾರೀಖನ್ನು ಪೂರ್ತಿ ನಂಬಬೇಡಿ, ಬ್ಯಾಟರಿ ಬದಲಿಸಿದಾಗ ಎಷ್ಟೋ ಕ್ಯಾಮೆರಾಗಳಲ್ಲಿ ಅದು ಕ್ಯಾಮೆರಾದ ಆರಂಭದ ತಾರೀಖಿಗೇ ವಾಪಸ್ ಹೋಗುತ್ತಿತ್ತು. ಬೋರ್ಡಿನಲ್ಲಿ ‘ಮೈಸೂರು ರಾಜ್ಯ’ ಇದ್ದರೆ 1973ರ ನವೆಂಬರ್‌ಗೂ ಹಿಂದಿನದಿರಬಹುದು. ಕಾರಿನ ನಂಬರ್ ಕೆಎಯಿಂದ ಶುರುವಾದರೆ 1989ಕ್ಕಿಂತ ಹಳೆಯದಲ್ಲ. ಊರಿನ ಹೆಸರು ಇಂಗ್ಲಿಷಿನಲ್ಲಿ ಹಳೆಯ ರೀತಿ, ಶಿಮೊಗಾ ಎಂದಿದ್ದರೆ 2014ರ ನವೆಂಬರ್‌ಗೆ ಹಿಂದಿನದೆಂದು ಊಹಿಸಬಹುದು. ಹಳೇ ಬೋರ್ಡು ಆಮೇಲೂ ಉಳಿದಿರುತ್ತವೆ, ಹಾಗಾಗಿ ಸುಳಿವು ಅಷ್ಟೇ.

ಅಜ್ಜಿಯನ್ನು ‘ಯಾವ ವರ್ಷ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ‘ಅಡಿಕೆ ಕೊಯ್ಲು ಮುಗಿದಿತ್ತಾ? ಚಿಕ್ಕಪ್ಪನ ಮದುವೆ ಆಗಿತ್ತಾ? ಈ ಫೋಟೊ ತೆಗೆದವರು ಯಾರು?’ ಎಂದು ಕೇಳಿ, ಮೊಬೈಲಿನಲ್ಲಿ ಧ್ವನಿ ಮುದ್ರಿಸಿ. ತೆಗೆದವರ ಹೆಸರೇ ಮೊದಲು ಮರೆತುಹೋಗುವುದು, ಅವರು ಯಾವ ಫೋಟೊದಲ್ಲೂ ಇರುವುದಿಲ್ಲವಲ್ಲ. ಉತ್ತರವನ್ನು ಫೋಟೊ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯಬೇಡಿ, ಅಚ್ಚು ಮುಂದಕ್ಕೆ ಮೂಡುತ್ತದೆ. ಕಾಗದದ ಲಕೋಟೆಯ ಮೇಲೆ, ಫೋಟೊ ಒಳಗಿಡುವ ಮುಂಚೆ, ಪೆನ್ಸಿಲಿನಲ್ಲಿ ಬರೆಯಿರಿ. ಫೈಲಿಗೂ ಅದೇ ಹೆಸರು: ‘1986-12-ಜೋಗ-03’. ತಿಂಗಳು ಗೊತ್ತಿಲ್ಲದಿದ್ದರೆ ‘00’ ಹಾಕಿ. ಒಂದು ಪ್ರತಿಯನ್ನು ಬೇರೆ ಊರಿನ ನೆಂಟರ ಮನೆಗೆ ಪೆನ್‌ಡ್ರೈವ್‌ನಲ್ಲಿ ಕಳಿಸಿ, ವರ್ಷಕ್ಕೊಮ್ಮೆ ತೆರೆದು ನೋಡಲು ಹೇಳಿ.