ಮುದ್ದಾಡುವ ಮುಂಚೆ ಪೊರಕೆ ಹಿಡಿಯಿರಿ

ದಾವಣಗೆರೆಯಲ್ಲಿ ಪ್ರಾಣಿಗಳ ಶೆಲ್ಟರ್‌ಗೆ ಮೊದಲ ಸಲ ಹೋದಾಗ ನನ್ನ ಕೈಯಲ್ಲಿ ಖಾರ ಮಂಡಕ್ಕಿ ಪೊಟ್ಟಣವಿತ್ತು. ನಾಯಿಗಳಿಗೂ ಒಂದು ಹಿಡಿ ಹಾಕೋಣ ಅಂತ. ಅಲ್ಲಿನ ಅಕ್ಕ ಗೇಟಿನಲ್ಲೇ ತಡೆದರು. "ಇದ್ರಾಗ ಈರುಳ್ಳಿ ಐತಲ್ರೀ!" ಹಸಿಯೋ ಬೆಂದದ್ದೋ, ಈರುಳ್ಳಿ ನಾಯಿ-ಬೆಕ್ಕುಗಳ ರಕ್ತ ಕೆಡಿಸುತ್ತದೆ.

ಹಾಗಾಗಿ ಮೊದಲು ಫೋನ್ ಮಾಡಿ, ಏನು ಬೇಕು ಅಂತ ಕೇಳಿ. ನುಚ್ಚಕ್ಕಿ, ಹಳೇ ಪೇಪರ್, ಬೆಡ್‌ಶೀಟ್, ಗೋಣಿಚೀಲ ಇಂಥವೇ ಜಾಸ್ತಿ ಬೇಕಾಗುತ್ತವೆ. ಗೋಣಿಚೀಲ ಮಂಡಿಪೇಟೆ ಅಂಗಡಿಗಳಲ್ಲಿ ವಿಚಾರಿಸಿ. ದುಡ್ಡು ಕೊಡುವುದಾದರೆ ರಸೀದಿ ತಗೊಳ್ಳಿ.

ಕೆಲಸಕ್ಕೇ ಹೋಗುವವರು ಮುಂಚೆಯೇ ರೇಬೀಸ್ ಲಸಿಕೆ ಹಾಕಿಸಿಕೊಳ್ಳಬೇಕು. ಒಟ್ಟು ಮೂರು ಡೋಸ್. ಮೊದಲನೆಯದಾದ 7 ದಿನಕ್ಕೆ ಎರಡನೆಯದು, 21 ಅಥವಾ 28 ದಿನಕ್ಕೆ ಮೂರನೆಯದು. ಲಸಿಕೆ ಆಗಿದ್ದರೂ ನಾಯಿ ಕಚ್ಚಿದರೆ ಸುಮ್ನೆ ಇರಬೇಡಿ. ಗಾಯವನ್ನು ನಲ್ಲಿ ನೀರು, ಸೋಪಿನಲ್ಲಿ 15 ನಿಮಿಷ ತೊಳೆದು ಡಾಕ್ಟರ ಹತ್ತಿರ ಹೋಗಿ.

ಮೊದಲ ದಿನ ನಿಮಗೆ ಸಿಗುವುದು ಪೊರಕೆ, ಬಕೆಟ್ಟು. ಬೇಜಾರಾಗಬೇಡಿ. ನೀವು ಗೂಡು ತೊಳೆಯುತ್ತಿರುವಾಗ ನಾಯಿಗಳು ದೂರದಿಂದ ನಿಮ್ಮನ್ನು ನೋಡಿ, ಮೂಸಿ, ಅಳೆಯುತ್ತವೆ. ಹೆದರಿದ ನಾಯಿ ಬಾಲ ಮಡಚಿ ಮೂಲೆ ಸೇರುತ್ತದೆ. ಅದರ ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಪಕ್ಕಕ್ಕೆ ತಿರುಗಿ ಕೂತುಬಿಡಿ. ಅದೇ ಬರಲಿ.

ಬೇಸಿಗೆಯಲ್ಲಿ ನಾಯಿಗಳ ಮೈಯಿಂದ ರಕ್ತ ಹೀರುವ ಉಣ್ಣೆ ಹುಳ ಕೀಳುವ ಕೆಲಸವೇ ಅರ್ಧ ದಿನ. ಕಿವಿಯ ಮಡಿಕೆ, ಬೆರಳ ಸಂದಿ ಬಿಡಿಸಿ ನೋಡಿ. ಚಿಮಟದಲ್ಲಿ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರಕ್ಕೆ ನಿಧಾನವಾಗಿ ಎಳೆಯಬೇಕು. ತಿರುಚಿದರೆ ಬಾಯಿ ಒಳಗೇ ಉಳಿಯುತ್ತದೆ. ಬೆರಳಲ್ಲಿ ಹಿಚುಕಬೇಡಿ, ಸೋಪಿನ ನೀರಿಗೆ ಹಾಕಿ.

ಹುಟ್ಟುಹಬ್ಬಕ್ಕೆ ಹತ್ತು ಜನ ಬಂದು ಫೋಟೊ ತೆಗೆಸಿಕೊಂಡು ಹೋದರೆ ಅಲ್ಲಿನವರಿಗೆ ಕೆಲಸ ಜಾಸ್ತಿಯೇ ಆಗುವುದು. ವಾರಕ್ಕೆ ಎರಡೇ ಗಂಟೆ ಸಾಕು, ಆದರೆ ತಪ್ಪಿಸಬೇಡಿ. ಇನ್ನೊಂದು ವಿಷಯ. ಬೀದಿಯ ನಾಯಿಯನ್ನೆಲ್ಲ ತಂದು ಶೆಲ್ಟರ್‌ಗೆ ಬಿಡುವುದು ಸಹಾಯ ಅಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ಸಂತಾನಹರಣ ಮಾಡಿದ ಬೀದಿನಾಯಿಯನ್ನು ಸಾಮಾನ್ಯವಾಗಿ ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು. ಕಿವಿಯ ತುದಿ ಕತ್ತರಿಸಿದ್ದರೆ ಆಪರೇಷನ್ ಆಗಿದೆ ಅಂತ ಅರ್ಥ.

ಮನೆಯಲ್ಲಿ ಮರಿ ಸಾಕಿದ್ದೀರಾ? ನಾಯಿಮರಿಗಳ ಜೀವಕ್ಕೇ ಕುತ್ತು ತರುವ ಪಾರ್ವೊ ವೈರಸ್ ಚಪ್ಪಲಿ, ಬಟ್ಟೆಯಲ್ಲೇ ಮನೆ ಸೇರುತ್ತದೆ. ಶೆಲ್ಟರ್‌ಗೆ ಅಂತಲೇ ಒಂದು ಜೊತೆ ಹಳೇ ಚಪ್ಪಲಿ ಇಡಿ, ಅದು ಬಾಗಿಲ ಆಚೆಗೇ ಇರಲಿ. ಬಟ್ಟೆ ಬಕೆಟ್ಟಿಗೆ ಹಾಕಿ, ಸ್ನಾನ ಮುಗಿಸಿ, ಆಮೇಲೆ ಮರಿಯನ್ನು ಎತ್ತಿಕೊಳ್ಳಿ.