ಬೆಂಚ್‌ನಿಂದ ಎದ್ದು ಕೋರ್ಟ್‌ಗೆ ಇಳಿಯಲು

ಮೈಸೂರಿನಲ್ಲಿ ಓದುವಾಗ ಕಾಲೇಜ್ ಬಾಸ್ಕೆಟ್‌ಬಾಲ್ ಟೀಮ್‌ಗೆ ಸೇರಿದ್ದೆ. ಮೊದಲ ವರ್ಷ ಪೂರ್ತಿ ಬೆಂಚ್ ಮೇಲೇ ಕಳೆಯಿತು. ದಿನಾ ಬೆಳಿಗ್ಗೆ 200 ಶಾಟ್ ಹೊಡೆಯುತ್ತಿದ್ದೆ. ಮ್ಯಾಚ್ ಬಂದರೆ ಕೈ ನಡುಗುತ್ತಿತ್ತು. ನಿಮ್ಮದೂ ಇದೇ ಕಥೆಯಾದರೆ, ಸ್ವಲ್ಪ ದಿನ ಶಾಟ್ ಚಿಂತೆ ಬಿಡಿ.

ಒಂದು ಮ್ಯಾಚನ್ನು ಬೆಂಚ್‌ನಿಂದಲೇ ಗಮನವಿಟ್ಟು ನೋಡಿ. ನಿಮ್ಮ ಟೀಮ್ ಎಲ್ಲಿ ಪೆಟ್ಟು ತಿನ್ನುತ್ತಿದೆ ಅಂತ ಬರೆದುಕೊಳ್ಳಿ. ನಾನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಗೆರೆ ಹಾಕುತ್ತಾ ಹೋದೆ. ಎದುರು ಟೀಮಿನವರು ಶಾಟ್ ತಪ್ಪಿಸಿದ ಮೇಲೂ ಚೆಂಡು ಮತ್ತೆ ಅವರ ಕೈಗೇ ಹೋಗಿದ್ದು 17 ಸಲ. ನಾವು ಸೋತಿದ್ದು 8 ಪಾಯಿಂಟ್‌ಗೆ. ನಮ್ಮಲ್ಲಿ ಬಾಸ್ಕೆಟ್ ಹಾಕುವವರು ನಾಲ್ಕು ಜನ ಇದ್ದರು. ರೀಬೌಂಡ್‌ಗೆ, ಅಂದರೆ ತಪ್ಪಿದ ಶಾಟ್‌ನಿಂದ ಪುಟಿದ ಚೆಂಡನ್ನು ಹಿಡಿಯೋಕೆ, ಮೈ ಒಡ್ಡುವವರೇ ಇರಲಿಲ್ಲ. ಆ ಕೆಲಸ ನನ್ನದು ಅಂದುಕೊಂಡೆ.

ಶಾಟ್ ಹೊರಟ ಕೂಡಲೇ ಎಲ್ಲರೂ ತಲೆ ಎತ್ತುತ್ತಾರೆ. ನೀವು ಮೊದಲು ನಿಮ್ಮ ಮ್ಯಾನ್, ಅಂದರೆ ನೀವು ಕಾಯಬೇಕಾದ ಎದುರು ಆಟಗಾರ, ಎಲ್ಲಿದ್ದಾನೆ ನೋಡಿ. ಅವನ ಎದುರಿಗೆ ಹೋಗಿ, ಒಂದು ಕಾಲಿನ ಮೇಲೆ ತಿರುಗಿ, ಬೆನ್ನು ಕೊಟ್ಟು ನಿಲ್ಲಿ. ಮಂಡಿ ಬಗ್ಗಿರಲಿ, ಸೊಂಟ ಅವನ ಸೊಂಟಕ್ಕಿಂತ ಕೆಳಗಿರಲಿ, ಎರಡೂ ಕೈ ಮೇಲಿರಲಿ. ಅವನು ಎಡಕ್ಕೆ ಸರಿದರೆ ನಿಮ್ಮ ಬೆನ್ನಿಗೇ ಗೊತ್ತಾಗುತ್ತದೆ, ಜೊತೆಗೇ ಸರಿಯಿರಿ. ಆಮೇಲೆ ಚೆಂಡು. ಇದೇ ಬಾಕ್ಸ್ ಔಟ್. ಆದರೆ ಕೈ ಹಿಂದೆ ಚಾಚಿ ಹಿಡಿದರೆ ಫೌಲ್ ಆಗುತ್ತದೆ, 5 ಫೌಲ್ ಆದರೆ ಆಟದಿಂದ ಹೊರಗೆ.

ಚೆಂಡು ಎಲ್ಲಿ ಬೀಳುತ್ತದೆ ಅನ್ನುವುದನ್ನೂ ಕಲಿಯಬಹುದು. ಮೂಲೆಯಿಂದ ಹೊಡೆದದ್ದು ತಪ್ಪಿದರೆ ಜಾಸ್ತಿ ಸಲ ಎದುರು ಬದಿಗೇ ಹೋಗುತ್ತದೆ. 6.75 ಮೀಟರ್ ದೂರದ ಮೂರು ಪಾಯಿಂಟ್ ಗೆರೆಯಾಚೆಯಿಂದ ಹೊಡೆದದ್ದು ದೂರಕ್ಕೆ ಪುಟಿಯುತ್ತದೆ. ಡೆನಿಸ್ ರಾಡ್‌ಮನ್ 1991-92ರಿಂದ 1997-98ರವರೆಗೆ ಸತತ 7 ಸೀಸನ್ ಅಮೆರಿಕದ ಎನ್‌ಬಿಎ ಲೀಗ್‌ನ ರೀಬೌಂಡ್‌ನಲ್ಲಿ ಮೊದಲಿಗರು. ಎತ್ತರ 6 ಅಡಿ 7 ಇಂಚು, ರಿಂಗ್ ಹತ್ತಿರ ಆಡುವ ಅಲ್ಲಿನ ಎತ್ತರದ ಸೆಂಟರ್‌ಗಳ ಮುಂದೆ ಕಮ್ಮಿಯೇ. ಜೊತೆಯವರ ಶಾಟ್‌ನಲ್ಲಿ ಚೆಂಡು ಹೇಗೆ ಸುತ್ತುತ್ತದೆ ಅಂತ ಅವರು ಕೂತು ನೋಡುತ್ತಿದ್ದರು. ವಾರ್ಮ್ಅಪ್‌ನಲ್ಲಿ ನೀವೂ ರಿಂಗ್ ಕೆಳಗೆ ನಿಂತು ನೋಡಿ.

ಶೂಟಿಂಗ್‌ನಲ್ಲಿ ಲೇಅಪ್ (ರಿಂಗ್ ಹತ್ತಿರ ಓಡಿ ಬಂದು ಹಾಕುವ ಶಾಟ್) ಮತ್ತು ಫ್ರೀ ಥ್ರೋ (ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಸಿಗುವ ಶಾಟ್) ಗಟ್ಟಿ ಮಾಡಿಕೊಳ್ಳಿ, ಸದ್ಯಕ್ಕೆ ಸಾಕು. ಫ್ರೀ ಥ್ರೋ ಮಾತ್ರ ಓಡಿ ಏದುಸಿರು ಬರುವಾಗಲೇ ಹೊಡೆಯಿರಿ. ಮ್ಯಾಚ್‌ನಲ್ಲಿ ಅದು ಸಿಗುವುದು ಸುಸ್ತಾದಾಗಲೇ ಅಲ್ವಾ?

ಕೋಚ್ ಹತ್ತಿರ 'ಯಾಕೆ ಆಡಿಸ್ತಿಲ್ಲ' ಅಂತ ಕೇಳಿದರೆ ಸುಮ್ನೆ ಮಾತು ಬೆಳೆಯುತ್ತದೆ. 'ಸರ್, ನಂಗೆ 5 ನಿಮಿಷ ಸಿಕ್ಕರೆ ಏನು ಮಾಡ್ಲಿ?' ಅಂತ ಕೇಳಿ. ನನಗೆ ಸಿಕ್ಕ ಉತ್ತರ: 'ಅವರ ಸೆಂಟರ್‌ಗೆ ಎರಡನೇ ಚಾನ್ಸ್ ಕೊಡಬೇಡ.'

ಎರಡನೇ ವರ್ಷದ ಮೊದಲ ಮ್ಯಾಚ್‌ನಲ್ಲಿ ಆಡಿದ್ದು 6 ನಿಮಿಷ. ಪಾಯಿಂಟ್ ಒಂದೂ ಇಲ್ಲ, ರೀಬೌಂಡ್ 5. ಮುಂದಿನ ಮ್ಯಾಚ್‌ನ ಮೂರನೇ ಕ್ವಾರ್ಟರ್‌ನಲ್ಲಿ ಸರ್ ಬೆಂಚ್ ಕಡೆ ತಿರುಗಿದಾಗ, ನಾನು ಆಗಲೇ ಟ್ರ್ಯಾಕ್ ಪ್ಯಾಂಟ್ ಬಿಚ್ಚಿ ನಿಂತಿದ್ದೆ.