ಬೆಂಗಳೂರಿನಲ್ಲಿ ಅಪರಾತ್ರಿ ಪಶುವೈದ್ಯರನ್ನು ಹುಡುಕುವ ಬಗೆ

ಮನೆಯಲ್ಲಿ ನಾಯಿಯನ್ನೋ ಬೆಕ್ಕನ್ನೋ ಸಾಕಿಕೊಂಡವರು ರಾತ್ರಿ ತೆರೆದಿರುವ ಪಶು ಆಸ್ಪತ್ರೆ ಯಾವುದೆಂಬುದನ್ನು ಪ್ರಾಣಿ ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಬೇಕು. ಬಡಾವಣೆಗಳ ಬಹುತೇಕ ಕ್ಲಿನಿಕ್‌ಗಳು ರಾತ್ರಿ ಊಟದ ಹೊತ್ತಿಗೆ ಬಾಗಿಲು ಹಾಕುತ್ತವೆ. ಭಾನುವಾರ ಅರ್ಧ ದಿನವಷ್ಟೇ ತೆರೆದಿರುವುದೂ ಉಂಟು. ಕ್ಲಿನಿಕ್ ಮುಚ್ಚಿದ ಮೇಲೆ ತುರ್ತು ಪ್ರಕರಣಗಳನ್ನು ಎಲ್ಲಿಗೆ ಕಳುಹಿಸುತ್ತೀರೆಂದು ನಿಮ್ಮ ಖಾಯಂ ವೈದ್ಯರನ್ನೇ ಮೊದಲು ಕೇಳಿ. ಅವರ ಉತ್ತರ ಗೂಗಲ್ ಮ್ಯಾಪ್‌ನ ರೇಟಿಂಗ್‌ಗಿಂತ ನಂಬಿಕೆಗೆ ಅರ್ಹ.

‘24 ಗಂಟೆ’ ಎಂಬ ಬೋರ್ಡ್ ಇದ್ದ ಮಾತ್ರಕ್ಕೆ ರಾತ್ರಿ ವೈದ್ಯರು ಇದ್ದೇ ಇರುತ್ತಾರೆಂದು ತಿಳಿಯಬಾರದು. ಕೆಲವೆಡೆ ಸಹಾಯಕರು ಮಾತ್ರ ಇದ್ದು, ವೈದ್ಯರನ್ನು ಮನೆಯಿಂದ ಕರೆಸಬೇಕಾಗುತ್ತದೆ. ಆದ್ದರಿಂದ ಫೋನ್ ಮಾಡಿ, ರಾತ್ರಿ ಎರಡು ಗಂಟೆಗೆ ವೈದ್ಯರು ಆಸ್ಪತ್ರೆಯಲ್ಲೇ ಇರುತ್ತಾರೆಯೇ, ಆಕ್ಸಿಜನ್, ಎಕ್ಸ್‌ರೇ, ರಕ್ತಪರೀಕ್ಷೆ ಮತ್ತು ಶಸ್ತ್ರಚಿಕಿತ್ಸೆ ಆ ಹೊತ್ತಿನಲ್ಲೂ ಸಿಗುತ್ತವೆಯೇ, ಅಡ್ಮಿಟ್ ಮಾಡಲು ಮುಂಗಡ ಎಷ್ಟು ಕಟ್ಟಬೇಕು ಎಂದು ಬಿಡಿಸಿ ಕೇಳಿ. ಕೆಂಗೇರಿ, ಯಲಹಂಕದಂತಹ ಅಂಚಿನ ಬಡಾವಣೆಗಳಲ್ಲಿ ಇರುವವರು ಹಾವು ಕಡಿತಕ್ಕೆ ಕೊಡುವ ಪ್ರತಿವಿಷದ ದಾಸ್ತಾನನ್ನೂ ವಿಚಾರಿಸಬೇಕು. ಮೊಲ ಅಥವಾ ಪಕ್ಷಿ ಸಾಕಿದವರಾದರೆ, ಅವುಗಳನ್ನು ನೋಡುವ ವೈದ್ಯರು ಕಡಿಮೆ ಎಂಬುದನ್ನು ನೆನಪಿಡಿ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮತ್ತು ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಪರಿಣತರು ಕಡಿಮೆ ಖರ್ಚಿನಲ್ಲಿ ನೋಡುತ್ತಾರೆ. ಆದರೆ ರಾತ್ರಿಯ ವ್ಯವಸ್ಥೆಯನ್ನು ಫೋನಿನಲ್ಲಿ ಖಚಿತಪಡಿಸಿಕೊಳ್ಳದೆ ಅಷ್ಟು ದೂರ ಹೊರಡಬೇಡಿ. 1962 ಸಂಖ್ಯೆಯ ಸರ್ಕಾರಿ ಪಶು ಸಹಾಯವಾಣಿಯ ಸಂಚಾರಿ ಚಿಕಿತ್ಸಾ ವಾಹನಗಳು ಮುಖ್ಯವಾಗಿ ರೈತರ ಜಾನುವಾರುಗಳಿಗೆಂದು ಬಂದವು. ಫ್ಲ್ಯಾಟ್‌ನಲ್ಲಿರುವ ನಾಯಿಗೆ ನಡುರಾತ್ರಿ ಅದೊಂದನ್ನೇ ನೆಚ್ಚಿಕೊಳ್ಳುವುದು ಸರಿಯಲ್ಲ.

ಬೆಳಗಿನವರೆಗೆ ಕಾಯಬಹುದೇ ಎಂಬ ಪ್ರಶ್ನೆಯಲ್ಲೇ ಅನೇಕ ಜೀವಗಳು ಹೋಗುತ್ತವೆ. ಗಂಡು ಬೆಕ್ಕು ಮತ್ತೆ ಮತ್ತೆ ಮಣ್ಣಿನ ಟ್ರೇಗೆ ಹೋಗಿ ತಿಣುಕುತ್ತ, ಒಂದು ಹನಿ ಮೂತ್ರವನ್ನೂ ಮಾಡದೆ ಕೂಗುತ್ತಿದ್ದರೆ ಅದನ್ನು ಮಲಬದ್ಧತೆಯೆಂದು ಭಾವಿಸಿ ಬಿಡಬೇಡಿ: ಮೂತ್ರನಾಳ ಕಟ್ಟಿಕೊಂಡಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು, ಅದಕ್ಕೆ ಒಂದೆರಡು ದಿನ ಸಾಕು. ದೊಡ್ಡ ತಳಿಯ ನಾಯಿಯ ಹೊಟ್ಟೆ ಉಬ್ಬಿ, ವಾಂತಿಗೆ ಒದ್ದಾಡಿದರೂ ಏನೂ ಬಾರದಿದ್ದರೆ ಹೊಟ್ಟೆ ತಿರುಚಿಕೊಂಡಿರಬಹುದು; ಅಲ್ಲಿ ಗಂಟೆಗಳ ಲೆಕ್ಕವೇ ಪ್ರಾಣದ ಲೆಕ್ಕ. ಬೆಕ್ಕು ಬಾಯಿ ತೆರೆದು ಉಸಿರಾಡುವುದು, ಒಸಡು ಬಿಳಿಚುವುದು, ನಿಲ್ಲದ ಫಿಟ್ಸ್, ಇಲಿ ಪಾಷಾಣ ತಿಂದ ಸಂಶಯ, ಇವೆಲ್ಲವೂ ಆ ಕ್ಷಣವೇ ಹೊರಡಬೇಕಾದ ಸಂದರ್ಭಗಳು. ಕೆಲವು ಇಲಿ ಪಾಷಾಣಗಳ ಪರಿಣಾಮ ಎರಡು ಮೂರು ದಿನಗಳ ನಂತರವಷ್ಟೇ ಕಾಣುವುದರಿಂದ, ಪ್ರಾಣಿ ಚೆನ್ನಾಗಿದೆಯಲ್ಲ ಎಂದು ಸುಮ್ಮನಾಗಬಾರದು. ಪೊಟ್ಟಣವನ್ನೂ ಜೊತೆಗೆ ಒಯ್ಯಿರಿ.

ಜ್ವರವೆಂದು ಮನೆಯ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಬೆಕ್ಕಿಗಂತೂ ಅದು ವಿಷ. ವೈದ್ಯರು ಹೇಳದೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲೂ ಹೋಗಬೇಡಿ. ಹಾವು ಕಚ್ಚಿದ ಜಾಗಕ್ಕೆ ಬಿಗಿಯಾಗಿ ಕಟ್ಟದೆ, ನಡೆಸದೆ, ಎತ್ತಿಕೊಂಡೇ ಹೊರಡಿ.

ರಾತ್ರಿ ಹೊತ್ತು ಪ್ರಾಣಿಯನ್ನು ಕಂಡ ಕೂಡಲೇ ಕ್ಯಾಬ್ ಚಾಲಕರು ಒಲ್ಲೆನ್ನುವುದು ಸಾಮಾನ್ಯ. ಪರಿಚಯದ ಆಟೋ ಅಣ್ಣನೊಬ್ಬರ ನಂಬರನ್ನೂ, ಕಾರಿರುವ ನೆರೆಯವರ ಒಪ್ಪಿಗೆಯನ್ನೂ ಮೊದಲೇ ಪಡೆದಿರಿ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುವುದರಿಂದ ದಪ್ಪ ಬೆಡ್‌ಶೀಟಿನಲ್ಲಿ ಸುತ್ತಿ ಎತ್ತಿರಿ. ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಪ್ರಾಣಿಯನ್ನು ಆಸ್ಪತ್ರೆಗೆ ಮುಟ್ಟಿಸಿದ ಮೇಲೆ ರೇಬಿಸ್ ಲಸಿಕೆಗಾಗಿ ನೀವೂ ವೈದ್ಯರ ಬಳಿ ಹೋಗಿ.